ಐದು ಗೇಣಿನ ಟಯರ್

“ಹಿಂದಿನ ಇಬ್ಬರು ಇಳೀರಿ,” ಎಂದ ಜೀಪು ಓಡಿಸುವ ದಿವಾಕರನ್. ಮಕ್ಕಳಿಗೆಲ್ಲ ಅವನು ಚೇಟ್ಟ, ಅಂದರೆ ಅಣ್ಣ.

ತೃಶ್ಶಿಲೇರಿಯ ಏರಿನಲ್ಲಿ ಜೀಪು ಮೂರನೇ ಸಲ ಕೆಮ್ಮಿ ನಿಂತಿತ್ತು. ಒಳಗೆ ಶಾಲೆಗೆ ಹೊರಟ ಹನ್ನೊಂದು ಮಕ್ಕಳು. ಚೇಟ್ಟನ ಬೆರಳು ಮಾತ್ರ ಕಾಡಂಚಿನ ಆದಿವಾಸಿ ಕಾಲನಿಯ ವಿಜಿ ಮತ್ತು ಅವಳ ತಮ್ಮ ಸುಧೀಶನ ಕಡೆಗೇ ತಿರುಗಿತ್ತು.

ಹೇಳಿದ ತಕ್ಷಣ ಸುಧೀಶ ಧುಮುಕಿದ. ಪಾಪ, ಮೂರನೇ ಕ್ಲಾಸಿನವನು, ಇನ್ನೇನು ಮಾಡಿಯಾನು. ವಿಜಿ ಐದನೇ ಕ್ಲಾಸು. ಅವಳು ಕದಲಲಿಲ್ಲ.

“ನಾವೇ ಯಾಕೆ?”

“ಲೋಡ್ ಜಾಸ್ತಿ ಆಯ್ತು ಮಗಳೇ. ಎಂಜಿನ್ ಎಳೀತಿಲ್ಲ.”

“ವಿಪಿನ್ ಒಬ್ಬನೇ ನಮ್ಮಿಬ್ಬರಷ್ಟು ಇದ್ದಾನೆ.”

ಅಂಗಡಿಯವರ ಮಗ ವಿಪಿನ್ ಬಾಯಲ್ಲಿದ್ದ ನೆಲ್ಲಿಕಾಯಿಯನ್ನು ದವಡೆಗೆ ಸರಿಸಿದ. “ಅದು ನಿಜ ಚೇಟ್ಟಾ. ನಾನು ಇಳೀಲಾ?”

“ನೀನು ಕೂತಿರು. ಕಾಲನಿಯವರಿಗೆ ನಡೆದು ಅಭ್ಯಾಸ ಉಂಟು. ನಾಳೆಯಿಂದ ಇವರಿಬ್ಬರೂ ಈ ಏರು ನಡೆದೇ ಹತ್ತಲಿ. ನಾನು ಮೇಲೆ ಕಾಯ್ತೀನಿ.”

ಅಭ್ಯಾಸ ಉಂಟಂತೆ. ವಿಜಿಗೆ ಮೈಯೆಲ್ಲ ಉರಿದುಹೋಯಿತು. ಆ ಏರಿನ ಬದಿಯ ಬಿದಿರಿಗೆ ಆನೆಗಳು ಬರುತ್ತವೆ. ಅದಕ್ಕೇ ತಾನೇ ಮಕ್ಕಳಿಗೆ ಜೀಪು ಇಟ್ಟಿರುವುದು? ನಡೆಯಬೇಕೆಂದು ಗೊತ್ತಾದರೆ ಕುಳ್ಳಿ ಅಜ್ಜಿ ಇಬ್ಬರನ್ನೂ ಶಾಲೆ ಬಿಡಿಸುತ್ತಾಳೆ. ಅಜ್ಜಿ ಒಮ್ಮೆ ಬೇಡ ಎಂದರೆ ಮುಗಿಯಿತು.

ಆದರೆ ಸುಧೀಶ ಕೆಳಗೆ ಒಬ್ಬನೇ ನಿಂತಿದ್ದ. ಅವನನ್ನು ಬಿಟ್ಟು ಕೂರುವುದು ಹೇಗೆ? ವಿಜಿ ಇಳಿದಳು.

ಜೀಪು ನರಳುತ್ತ ಹೊರಟಿತು. ಹಿಂದೆ ನಡೆಯುತ್ತಿದ್ದ ವಿಜಿಯ ಕಣ್ಣು ಜೀಪಿನ ಬೆನ್ನಿಗೆ ಬಿಗಿದಿದ್ದ ಸ್ಟೆಪ್ನಿಯ ಮೇಲೆ ಬಿತ್ತು. ಟಯರ್ ಪಂಕ್ಚರ್ ಆದರೆ ಹಾಕಲು ಇಟ್ಟುಕೊಂಡ ಹಳೇ ಟಯರ್ ಅದು. ಕೆಳಗೆ ಉರುಳುತ್ತಿದ್ದ ಟಯರುಗಳಿಗಿಂತ ಚಿಕ್ಕದು. ಹೋದ ವಾರವಷ್ಟೇ ಚೇಟ್ಟ ಮಾನಂದವಾಡಿಯಿಂದ ದೊಡ್ಡ ಟಯರ್ ತಂದು ಹಾಕಿಸಿ, ಜೀಪಿನ ಮುಂದೆ ನಿಂತು ಹತ್ತು ಫೋಟೊ ತೆಗೆಸಿಕೊಂಡಿದ್ದ. ಅದಕ್ಕೆ ಮೊದಲು ಇದೇ ಹನ್ನೊಂದು ಮಕ್ಕಳನ್ನು ಹೊತ್ತು ಜೀಪು ಒಂದು ದಿನವೂ ನಿಂತಿರಲಿಲ್ಲ.

ಮಧ್ಯಾಹ್ನ ಶಾಲೆಯ ಮರದಡಿ ಚೇಟ್ಟ ಜೀಪಿನಲ್ಲೇ ನಿದ್ದೆ ಹೊಡೆಯುತ್ತಿದ್ದ. ವಿಜಿ ಊಟ ಬಿಟ್ಟು ಬಂದು ಟಯರಿನ ಅಡ್ಡಕ್ಕೆ ಗೇಣು ಹಾಕಿದಳು. ಸ್ಟೆಪ್ನಿ ನಾಲ್ಕೂವರೆ ಗೇಣು. ಹೊಸ ಟಯರ್ ಐದು ಗೇಣು, ಮೇಲೆ ಎರಡು ಬೆರಳು. ಪಕ್ಕದಲ್ಲಿ ನಿಂತು ವಿಪಿನ್ ಊರಿಗೆಲ್ಲ ಕೇಳುವಂತೆ ಎಣಿಸಿದ. ಚೇಟ್ಟನಿಗೆ ಎಚ್ಚರವಾಯಿತು.

“ಏನು ಮಾಡ್ತಿದ್ದೀರಿ ಅಲ್ಲಿ?”

“ನಿಮ್ಮ ಟಯರೇ ಲೋಡು. ನಾವಲ್ಲ,” ಎಂದಳು ವಿಜಿ. “ನಮ್ಮಜ್ಜಿ ಸೌದೆ ಹೊತ್ತು ಏರು ಹತ್ತುವಾಗ ಸಣ್ಣ ಸಣ್ಣ ಹೆಜ್ಜೆ ಇಡ್ತಾಳೆ. ಉದ್ದ ಹೆಜ್ಜೆ ಇಟ್ರೆ ಕಾಲು ಸೋಲ್ತದೆ. ದೊಡ್ಡ ಟಯರ್ ಒಂದು ಸುತ್ತಿಗೆ ಜಾಸ್ತಿ ದೂರ ಹೋಗ್ತದೆ. ನೀವು ಏರಲ್ಲಿ ಜೀಪಿಗೆ ಉದ್ದ ಹೆಜ್ಜೆ ಇಡಿಸ್ತಾ ಇದ್ದೀರಿ.”

“ಅದಕ್ಕೇ ಫಸ್ಟ್ ಗಿಯರ್ ಇರೋದು. ಹದಿನೆಂಟು ವರ್ಷ ಸ್ಟಿಯರಿಂಗ್ ಹಿಡಿದವನಿಗೆ ನೀನು ಗಿಯರ್ ಕಲಿಸ್ತೀಯಾ?”

“ನನ್ನ ಗಿಯರ್ ಸೈಕಲಲ್ಲೂ ಹಂಗೇ ಚೇಟ್ಟಾ,” ಎಂದ ವಿಪಿನ್. “ಚೈನನ್ನು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದ್ರೆ ಒಂದು ತುಳಿತಕ್ಕೆ ಸ್ವಲ್ಪ ಸ್ವಲ್ಪವೇ ಹೋಗ್ತದೆ. ಆದ್ರೆ ಏರು ಹತ್ತಬಹುದು.”

“ನಿಮ್ಮ ಗಿಯರು ಹಳೇ ಟಯರಿಗೆ ಜೋಡಿ,” ಎಂದಳು ವಿಜಿ. “ಇದಕ್ಕಲ್ಲ.”

ಚೇಟ್ಟನ ಮುಖ ಕೆಂಪಾಯಿತು. “ಹೋಗಿ ಊಟ ಮಾಡಿ,” ಎಂದ.

ಮರುದಿನ ಏರಿನ ಬುಡದಲ್ಲಿ ಜೀಪು ನಿಂತಿತು. “ಇಳೀರಿ.”

ಸುಧೀಶ ಏಳಲು ಹೋದ. ವಿಜಿ ಅವನ ಅಂಗಿಯ ಕಾಲರ್ ಹಿಡಿದು ಕೂರಿಸಿದಳು. “ಇಳಿಯಲ್ಲ.”

“ಇಳೀದಿದ್ರೆ ಜೀಪು ಹೋಗಲ್ಲ.”

“ಹೋಗದಿದ್ರೆ ಬೇಡ. ಎಲ್ಲರೂ ಇಲ್ಲೇ ಕೂರುವ.”

ವಿಪಿನ್ ಜೇಬಿನಿಂದ ಒಂದು ನೆಲ್ಲಿಕಾಯಿ ತೆಗೆದು ವಿಜಿಯ ಕೈಗಿಟ್ಟು, ತಾನೂ ಕಾಲು ಚಾಚಿ ಆರಾಮವಾಗಿ ಕೂತ. ಚೇಟ್ಟ ಎರಡು ಸಲ ಏರಿಗೆ ನುಗ್ಗಿಸಿ ನೋಡಿದ. ಎರಡು ಸಲವೂ ಎಂಜಿನ್ ಆಫ್ ಆಯಿತು. ಕೊನೆಗೆ ಹಲ್ಲು ಕಡಿಯುತ್ತ ಜೀಪು ತಿರುಗಿಸಿ ಕಾಟಿಕುಳದ ಉದ್ದ ದಾರಿಯಲ್ಲಿ ಸುತ್ತಿಕೊಂಡು ಹೋದ. ಹನ್ನೊಂದು ಜನಕ್ಕೂ ಮೊದಲ ಪಿರಿಯಡ್ ತಪ್ಪಿತು, ಹನ್ನೊಂದು ಜನಕ್ಕೂ ಬೈಗುಳ ಸಿಕ್ಕಿತು.

ರಜೆ ಕಳೆದು ಸೋಮವಾರ ಬೆಳಿಗ್ಗೆ ಜೀಪು ಬಂದಾಗ ಅದಕ್ಕೆ ಹಳೇ ಟಯರುಗಳಿದ್ದವು.

“ವರ್ಕ್‌ಶಾಪಿನವನು ಹೇಳಿದ,” ಎಂದ ಚೇಟ್ಟ, ಯಾರ ಮುಖವನ್ನೂ ನೋಡದೆ. “ಎಂಜಿನ್, ಗಿಯರ್, ಟಯರ್ ಮೂರೂ ಹೊಂದಬೇಕಂತೆ. ದೊಡ್ಡ ಟಯರೇ ಬೇಕಂದ್ರೆ ಆಕ್ಸಲಿನ ಗಿಯರೂ ಬದಲಿಸಬೇಕಂತೆ.”

“ವಿಜಿ ಹೇಳಿದ್ದೂ ಅದನ್ನೇ,” ಎಂದ ವಿಪಿನ್.

“ಆಯ್ತಪ್ಪಾ. ಹತ್ತಿ ಇಬ್ಬರೂ.”

ವಿಜಿ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ನಿಂತಳು. “ನಾಳೆ ಬೇರೇನಾದ್ರೂ ಕೆಟ್ಟರೆ? ಆಗಲೂ ನಾವೇ ಇಳೀಬೇಕಾ?”

ಚೇಟ್ಟ ಕನ್ನಡಿಯಲ್ಲಿ ಅವಳನ್ನು ನೋಡಿದ. ಆಮೇಲೆ, “ಇಲ್ಲ,” ಎಂದ ಮೆಲ್ಲಗೆ.

ವಿಜಿ ಹತ್ತಿದಳು.

ಏರು ಬಂತು. ಜೀಪು ಫಸ್ಟ್ ಗಿಯರಿನಲ್ಲಿ ಗುರ್ ಎನ್ನುತ್ತ ಹತ್ತತೊಡಗಿತು. ಅರ್ಧ ದಾರಿಯಲ್ಲಿ ವಿಜಿಗೆ ತೊಡೆ ನೋಯತೊಡಗಿತು. ಯಾಕೆಂದು ನೋಡಿದರೆ, ಅವಳು ಸೀಟಿನಲ್ಲಿ ಸರಿಯಾಗಿ ಕೂತೇ ಇರಲಿಲ್ಲ. ಭಾರ ಕಡಿಮೆಯಾಗಲಿ ಎಂದು ಕಂಬಿ ಹಿಡಿದು ಮೈಯನ್ನು ಸ್ವಲ್ಪ ಮೇಲಕ್ಕೆತ್ತಿಕೊಂಡಿದ್ದಳು. ಪಕ್ಕದಲ್ಲಿ ಸುಧೀಶ ಸ್ಕೂಲ್ ಬ್ಯಾಗನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು ಕೂತಿದ್ದ.

“ಬ್ಯಾಗ್ ಕೆಳಗಿಡು,” ಎಂದಳು ವಿಜಿ.

“ಭಾರ ಆಗ್ತದೆ ಅಕ್ಕಾ.”

“ಆಗಲಿ.”

ಸುಧೀಶ ಬ್ಯಾಗ್ ಇಳಿಸಿದ. ವಿಜಿ ಕಂಬಿ ಬಿಟ್ಟು, ತನ್ನ ಪೂರ್ತಿ ಭಾರ ಹಾಕಿ ಸೀಟಿನಲ್ಲಿ ಕೂತಳು.