ಬರಿದಾಗಿ ಮರಳದ ಪೆಟ್ಟಿಗೆ

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ತುಂಬೆನಾಡು ಎಂಬ ರಾಜ್ಯವಿತ್ತು. ಹೊಳೆಯ ಆಚೆ ದಡದಲ್ಲಿ ನೇರಳೆನಾಡು. ಎರಡೂ ಕಡೆ ಒಂದೇ ಪದ್ಧತಿ. ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ಒಂದು ಹಿಡಿ ಅವರೆಕಾಳು, ಒಂದಚ್ಚು ಬೆಲ್ಲ, ಏನೂ ಇಲ್ಲದಿದ್ದರೆ ನಾಲ್ಕು ಹರಳು ಉಪ್ಪಾದರೂ ಹಾಕಿ ಕೊಡಬೇಕು. ಬಂದದ್ದನ್ನೇ ತಿರುಗಿ ತುಂಬಿ ಕಳಿಸಿದರೆ ಸಂಬಂಧ ಕಡಿದಂತೆ. ಅಲ್ಲಿಯವರೆಗೆ ಪಡೆದದ್ದನ್ನೆಲ್ಲ ಇಬ್ಬರೂ ಹಿಂದಕ್ಕೆ ಕೊಟ್ಟುಬಿಡಬೇಕು.

ಇಂಥ ನಾಡುಗಳ ಅರಸರಿಗೆ ಜಗಳ ಹತ್ತಿತು. ಯಾತಕ್ಕೆ ಅಂತೀರಾ? ಹೊಳೆಯ ನಡುವಿನ ಒಂದು ಮರಳುದಿಬ್ಬಕ್ಕೆ! ಅದರ ಮೇಲೆ ಎಮ್ಮೆ ಮಲಗಿದರೆ ಬಾಲ ನೀರಿಗೆ ಬೀಳುತ್ತಿತ್ತು, ಅಷ್ಟೇ ಅಗಲ.

ಆಗ ಬಂದ ನೋಡಿ, ಮಸಣಯ್ಯ ಎಂಬ ಮಾಂತ್ರಿಕ. ತುಂಬೆನಾಡಿನ ಬಲ್ಲರಸನ ಮುಂದೆ ಕಬ್ಬಿಣದ ಪೆಟ್ಟಿಗೆಯೊಂದನ್ನು ಇಳಿಸಿದ.

"ಒಡೆಯಾ, ಇದರೊಳಗೆ ಉಕ್ಕಿನ ಹದ್ದುಗಳಿವೆ. ಯುದ್ಧ ಅವೇ ಮಾಡುತ್ತವೆ. ನಿಮ್ಮವರ ಒಂದು ಹನಿ ರಕ್ತ ಬೀಳುವುದಿಲ್ಲ."

"ಬೆಲೆ ಏನು?"

"ನಮ್ಮ ನಮ್ಮಲ್ಲಿ ಬೆಲೆ ಯಾಕೆ? ಪೆಟ್ಟಿಗೆ ಬರಿದಾಗಿ ಕಳಿಸಬೇಡಿ ಸಾಕು. ನಿಮ್ಮ ಪದ್ಧತಿ ಹೇಗೋ ಹಾಗೆ."

ಹದ್ದುಗಳು ಹಾರಿದವು, ಮರಳಲಿಲ್ಲ. ಬರಿದಾದ ಪೆಟ್ಟಿಗೆಗೆ ಅರಸ ಬೊಕ್ಕಸದ ಹೊನ್ನು ತುಂಬಿದ. ಪೆಟ್ಟಿಗೆ ತಾನೇ ನಡೆದು ಹೋಗಿ ಹೊಸ ಹದ್ದುಗಳನ್ನು ಹೊತ್ತು ಬಂತು. ಹೊನ್ನು ಮುಗಿದಾಗ ಹೊಳೆಯನ್ನೇ ತುಂಬಿ ಕಳಿಸಿದ. ಮೀನುಗಳು ಕೆಸರಲ್ಲಿ ಬಾಯಿ ಬಿಟ್ಟವು, ಕಾಡು ಒಣಗಿತು. ಪೆಟ್ಟಿಗೆ ಮತ್ತೆ ಬಂತು. ಕೊಡಲು ಇನ್ನೇನಿದೆ? ಜನರ ನೆರಳು. ಅದನ್ನೂ ತುಂಬಿದ, ಪುಣ್ಯಾತ್ಮ!

ನೆರಳು ಹೋದವರು ದಿನದಿನಕ್ಕೆ ತೆಳುವಾದರು. ಅವರ ಮೈಯೊಳಗಿಂದ ಆಚೆಯ ಗೋಡೆ ಕಾಣತೊಡಗಿತು. ಆಮೇಲೆ ಬರೀ ಗೋಡೆ ಕಂಡಿತು.

ಮಾಚಲೆ ಎಂಬವಳಿಗೆ ಹೊನ್ನಿ ಎಂಬ ಮಗಳು, ಆಗಷ್ಟೇ ಹೆಜ್ಜೆ ಇಡಲು ಕಲಿತ ಕೂಸು. ಒಂದು ಬೆಳಿಗ್ಗೆ ಎಣ್ಣೆ ತಿಕ್ಕಿ ಅಂಗಳಕ್ಕೆ ಬಿಟ್ಟರೆ, ಬಿಸಿಲು ಕೂಸಿನ ಮೈಯೊಳಗಿಂದ ಹಾದು ನೆಲಕ್ಕೆ ಬಿತ್ತು. ಮಾಚಲೆ ಕೂಸನ್ನು ತನ್ನ ಅವ್ವನ ಮಡಿಲಿಗೆ ಹಾಕಿ ಅರಮನೆಗೆ ಓಡಿದಳು.

"ಒಡೆಯಾ, ನನ್ನ ಮಗಳು ಕರಗಿ ಹೋಗ್ತಾ ಇದ್ದಾಳೆ. ಪೆಟ್ಟಿಗೆಗೆ ಆ ಮಾಂತ್ರಿಕ ಕೊಟ್ಟದ್ದನ್ನೇ ತುಂಬಿ ಕಳಿಸಿಬಿಡಿ!"

"ಹೋದ ಹದ್ದುಗಳು ಕರೆದರೆ ಬರುವುದಿಲ್ಲ ತಾಯಿ," ಎಂದ ಅರಸ. ಅವನ ಮೈಯೊಳಗಿಂದ ಸಿಂಹಾಸನದ ಕೆತ್ತನೆ ಕಾಣುತ್ತಿತ್ತು.

"ನಾನು ತರ್ತೀನಿ," ಎಂದವಳೇ ಪೆಟ್ಟಿಗೆಯನ್ನು ತಲೆಗೇರಿಸಿದಳು.

ಒಣಗಿದ ಹೊಳೆಯಲ್ಲಿ ಮೊದಲ ಹಿಂಡು ಕೂತಿತ್ತು. ಹದ್ದುಗಳು ಕೊಕ್ಕು ತೆರೆದರೆ ಅವು ಕೊಂದ ಮುದುಕರ ದನಿ ಬಂತು. "ನೀರು, ಮಗಳೇ, ನೀರು." ಮಾಚಲೆ ತನ್ನ ತಂಬಿಗೆಯಲ್ಲಿದ್ದದ್ದನ್ನು ಕೊಕ್ಕು ಕೊಕ್ಕಿಗೂ ಹನಿಸಿದಳು. ಅವು ಸುಮ್ಮನೆ ಪೆಟ್ಟಿಗೆಗೆ ನಡೆದವು.

ಒಣಗಿದ ಕಾಡಿನಲ್ಲಿ ಎರಡನೆಯ ಹಿಂಡು ಮಣ್ಣಿನಡಿ ಉಕ್ಕಿನ ಮೊಟ್ಟೆ ಇಟ್ಟು ಕಾವಿಗೆ ಕೂತಿತ್ತು. ಮೇಲೆ ಕಾಲಿಟ್ಟವರು ಬೂದಿಯಾಗುತ್ತಿದ್ದರು. ಮೊಟ್ಟೆಗಳು ಗುಂಯ್ ಎನ್ನುತ್ತಿದ್ದವು. ಮಾಚಲೆ ಮಂಡಿಯೂರಿ ಹೊನ್ನಿಗೆ ಹಾಡುವ ಜೋಗುಳ ಹಾಡಿದಳು. ಹಾಡುತ್ತಾ ಹಾಡುತ್ತಾ ಗಂಟಲು ಒಣಗಿತು. ಮೊಟ್ಟೆಗಳು ನಿದ್ದೆ ಹೋದವು. ಒಂದೊಂದಾಗಿ ಹೆಕ್ಕಿ ಪೆಟ್ಟಿಗೆಗಿಟ್ಟಳು. ಹದ್ದುಗಳು ಹಿಂದೆಯೇ ಬಂದವು. ಅಷ್ಟರಲ್ಲಿ ಅವಳ ಬೆರಳುಗಳೊಳಗಿಂದ ಆಚೆಯ ಮರ ಕಾಣತೊಡಗಿತ್ತು.

ನೇರಳೆನಾಡಿನ ಹಳ್ಳಿಯೊಂದರ ಮಾಡಿನ ಮೇಲೆ ಕೊನೆಯ ಹದ್ದು ಕೂತಿತ್ತು.

"ಶತ್ರುವನ್ನು ತೋರಿಸು. ತೋರಿಸಿದರೆ ಬರುತ್ತೇನೆ."

ಕೆಳಗೆ ಹೊಸ್ತಿಲಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಹೆಸರು ಕೇತಲೆ. ಅವಳ ಪಕ್ಕದಲ್ಲೂ ಒಂದು ಕಬ್ಬಿಣದ ಪೆಟ್ಟಿಗೆ, ಅದರ ಮೇಲೂ ಒಂದು ಹದ್ದು!

"ಅಯ್ಯೋ! ನಿಮಗೂ ಅವನೇ ಕೊಟ್ಟನಾ?" ಎಂದಳು ಮಾಚಲೆ.

"ಅವನೇ ಅಕ್ಕಾ. ನಮ್ಮ ಹದ್ದುಗಳನ್ನು ನಿಮ್ಮ ನಾಡಿನಿಂದ ಹೆಕ್ಕಿ ತಂದೆ. ಇದೊಂದು ಶತ್ರು ಯಾರು ಅಂತ ಕೇಳ್ತಾ ಕೂತಿದೆ. ನನ್ನ ಕೂಸಂತೂ ಮೊನ್ನೆಯೇ ಹೋಯ್ತು. ಓಣಿಯ ಉಳಿದ ಕೂಸುಗಳಾದರೂ ಉಳಿಯಲಿ ಅಂತ ಹೊರಟೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಂದು ಬೆರಳು ಎತ್ತಿದ್ದರೆ ಸಾಕಿತ್ತು. ಯಾರೂ ಎತ್ತಲಿಲ್ಲ. ಮಾಚಲೆ ಪೆಟ್ಟಿಗೆಯನ್ನು ವಾಲಿಸಿ ತಳ ತೋರಿಸಿದಳು. ಅಲ್ಲಿ ಮಸಣಯ್ಯನ ಕಾಗೆಕಾಲಿನ ಗುರುತಿತ್ತು. ಕೇತಲೆಯ ಪೆಟ್ಟಿಗೆಯ ತಳದಲ್ಲೂ ಅದೇ.

"ಈ ಗುರುತು ಹಾಕಿದವನು," ಎಂದರು ಇಬ್ಬರೂ.

ಹದ್ದುಗಳು ಆ ಗುರುತನ್ನು ಬಹಳ ಹೊತ್ತು ನೋಡಿ ತಮ್ಮ ತಮ್ಮ ಪೆಟ್ಟಿಗೆಯೊಳಗೆ ಹೋದವು. ತುಂಬಿದ ಪೆಟ್ಟಿಗೆಗಳು ಎಂದಿನಂತೆ ತಾವೇ ನಡೆದವು, ಇಬ್ಬರೂ ಬೆನ್ನು ಹಿಡಿದು ಹೋದರು.

ಮಸಣಯ್ಯನ ಗವಿಯಲ್ಲಿ ನೆರಳುಗಳು ಒಗೆದ ಬಟ್ಟೆಯಂತೆ ಹಗ್ಗಕ್ಕೆ ನೇತಾಡುತ್ತಿದ್ದವು. ಗಾಳಿಯಿಲ್ಲದೆಯೂ ಅಲುಗುತ್ತಿದ್ದವು.

"ಏನು ತುಂಬಿ ತಂದಿರಿ ತಾಯಂದಿರಾ?"

"ನೀನು ಕೊಟ್ಟದ್ದನ್ನೇ."

ಅವನ ಮುಖ ಕಪ್ಪಿಟ್ಟಿತು. "ಛೇ ಛೇ, ಹಾಗೆ ಮಾಡಬಾರದು! ಒಂದು ಹರಳು ಉಪ್ಪಾದರೂ ಹಾಕಿರಬೇಕಲ್ಲವಾ?"

"ಒಂದು ಹರಳೂ ಇಲ್ಲ. ಇವತ್ತಿಗೆ ನಿನ್ನ ಸಹವಾಸ ಮುಗೀತು," ಎಂದು ಮಾಚಲೆ ಮುಚ್ಚಳ ತೆಗೆದಳು.

ಹದ್ದುಗಳಿಗೆ ಶತ್ರು ಯಾರೆಂದು ಗೊತ್ತಿತ್ತು. ಎಲ್ಲವೂ ಒಟ್ಟಿಗೆ ಅವನ ಮೇಲೆ ಎರಗಿದವು. ಧೂಳು ಇಳಿದಾಗ ಅಲ್ಲಿ ಮಾಂತ್ರಿಕನೂ ಇಲ್ಲ, ಹದ್ದುಗಳೂ ಇಲ್ಲ, ಒಂದು ಗುಡ್ಡೆ ತುಕ್ಕು. ಹೊನ್ನು ಬೊಕ್ಕಸಕ್ಕೆ ಉರುಳಿತು. ಹೊಳೆ ಭೋರೆಂದು ತನ್ನ ಪಾತ್ರಕ್ಕೆ ಇಳಿಯಿತು. ಮರಳುದಿಬ್ಬವನ್ನೂ ಕೊಚ್ಚಿಕೊಂಡು ಹೋಯಿತು, ಪೀಡೆ ತೊಲಗಿತು! ನೆರಳುಗಳು ಹಗ್ಗದಿಂದ ಜಾರಿ ತಮ್ಮ ತಮ್ಮ ಮನೆಗೆ ಓಡಿದವು. ಹೊನ್ನಿಯ ನೆರಳು ಅಂಗಳದಲ್ಲಿ ಅವಳ ಪಾದ ಕಚ್ಚಿಕೊಂಡಿತು. ಓಡೋಡಿ ಮನೆಗೆ ಬಂದ ಮಾಚಲೆ ಮಗಳನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು.

ಮೈಯೇ ಇಲ್ಲವಾದವರ ನೆರಳುಗಳು ಎಲ್ಲಿಗೆ ಹೋಗಬೇಕು? ಒಂದು ಪುಟ್ಟ ನೆರಳು ಕೇತಲೆಯ ಮನೆ ಹುಡುಕಿಕೊಂಡು ಬಂದು ಅವಳ ಸೆರಗಿನ ಬಳಿ ಕೂತಿತು. ಅದಕ್ಕೆಂದೇ ಅವಳು ಅಂದಿನಿಂದ ಸದಾ ಬಿಸಿಲಲ್ಲೇ ಕೂತು ಅಕ್ಕಿ ಆರಿಸಿದಳು.

ಎರಡೂ ನಾಡು ಉಂಡು ತಿಂದು ಸುಖವಾಗಿದ್ದವು. ಹೊನ್ನಿ ದೊಡ್ಡವಳಾದ ಮೇಲೆ ಅವ್ವ ಕೊಟ್ಟ ಪಾತ್ರೆ ಹಿಡಿದು ಹೊಳೆ ದಾಟುತ್ತಿದ್ದಳು. ಕೇತಲೆ ಅದನ್ನು ಒಮ್ಮೆಯೂ ಬರಿದಾಗಿ ಮರಳಿಸಲಿಲ್ಲ. ಅವಳು ಬೆಲ್ಲ ಹುಡುಕುವಷ್ಟು ಹೊತ್ತು, ಅಂಗಳದಲ್ಲಿ ಹೊನ್ನಿಯ ನೆರಳಿನ ಜೊತೆ ಆ ಪುಟ್ಟ ನೆರಳು ಮುಟ್ಟಾಟ ಆಡುತ್ತಿತ್ತು.