ಟೋಪಿಯ ಮೇಲೊಂದು ಫೇಟಾ

"ಟೋಪಿ ತೆಗೀರಿ."

"ತೆಗ್ಯಾಂಗಿಲ್ರಿ."

ಚಿಕ್ಕೋಡಿಯ ಕಲ್ಯಾಣ ಮಂಟಪದಲ್ಲಿ ಅಕ್ಷತೆಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಮದುಮಗ ಕುನಾಲನ ಕಡೆಯ ಗಂಡಸರಿಗೆಲ್ಲ ಕೇಸರಿ ಫೇಟಾ ಸುತ್ತಿ ಮುಗಿಸಿದ್ದ, ಫೇಟಾ ಕಟ್ಟುವ ಕಸುಬಿನ ಮನೀಷಾಳ ಮುಂದೆ ಈಗ ಕುಳಿತಿದ್ದವನು ಸೋದರಮಾವ ಶಿವರಾಜ. ಅಲಖನೂರಿನಲ್ಲಿ ಕಬ್ಬು ಬೆಳೆಯುವ ಮೂವತ್ತೊಂಬತ್ತರ ಗಂಡಸು, ಬಿಳಿ ಟೋಪಿಯನ್ನು ಎರಡೂ ಕೈಯಿಂದ ಅವುಚಿಕೊಂಡು ಹಟಮಾರಿ ಹುಡುಗನಂತೆ ಕುಳಿತಿದ್ದ.

"ಅಷ್ಟ್ಯಾಕ್ರಿ ಪ್ರೀತಿ? ಟೋಪಿ ಜೋಡಿನ ಲಗ್ನ ಆಗೇತೇನ?"

"ಇನ್ನೂ ಯಾರ ಜೋಡಿನೂ ಆಗಿಲ್ರಿ."

ತುಟಿಯಲ್ಲಿ ಪಿನ್ನು ಕಚ್ಚಿಕೊಂಡಿದ್ದ ಮನೀಷಾ ಬಾಯಿ ಬಿಟ್ಟು ನಗುವಂತಿರಲಿಲ್ಲ. ಕಣ್ಣಲ್ಲೇ ನಕ್ಕಳು. ಆ ನಗು ಶಿವರಾಜನ ಎದೆಗೆ ನೇರವಾಗಿ ತಾಗಿತು.

"ಹಂಗಾರ ಟೋಪಿ ಮ್ಯಾಲನ ಕಟ್ತೀನಿ. ಯಾಕ ಅಂತ ಕೇಳೂದಿಲ್ಲ. ಕುತಗಿ ನೆಟ್ಟಗ ಇಡ್ರಿ. ನನ್ನ ಕಡೆ ನೋಡಬ್ಯಾಡ್ರಿ, ಫೇಟಾ ವಾಕಡಾ ಆಗತೈತಿ."

ನೋಡದೆ ಇರುವುದು ಅವನಿಂದ ಆಗಲಿಲ್ಲ. ಮದುವೆಯ ಅಷ್ಟೂ ಫೋಟೋಗಳಲ್ಲಿ ಸೋದರಮಾವನ ಫೇಟಾ ಸೊಟ್ಟಗೇ ಇದೆ.

ಟೋಪಿಯ ಕೆಳಗಿನ ಸಂಗತಿ ಹೀಗಿತ್ತು. ಇಪ್ಪತ್ತೆರಡಕ್ಕೇ ಶಿವರಾಜನ ಮುಂದಲೆ ಬರಿದಾಗಿತ್ತು. ಕನ್ಯೆ ನೋಡುವ ಮೊದಲು ತಲೆ ತುಂಬಿಸಿಕೊಳ್ಳುವ ಅವಸರದಲ್ಲಿ ದೂರದ ಪಟ್ಟಣದ ಯಾವುದೋ ಕ್ಲಿನಿಕ್ಕಿಗೆ ಹೋದ. ಅಲ್ಲಿ, ಆಗಲೇ ಹಳತಾಗಿದ್ದ ಪದ್ಧತಿಯಲ್ಲಿ, ಹಿಂದಲೆಯ ಚರ್ಮವನ್ನು ಕೂದಲ ಸಮೇತ ಬಿಲ್ಲೆಬಿಲ್ಲೆಯಾಗಿ ತೆಗೆದು ಮುಂದೆ ನೆಟ್ಟರು. ಕೂದಲು ಬಂತು, ಸುಳ್ಳಲ್ಲ. ಆದರೆ ಒಂದೊಂದು ಬಿಲ್ಲೆಯಿಂದ ಹತ್ತು ಹದಿನೈದು ಎಳೆ ಗುಚ್ಛವಾಗಿ ಎದ್ದು, ನಡುನಡುವೆ ಬೋಳು ಉಳಿದು, ತಲೆ ಪ್ಲಾಸ್ಟಿಕ್ ಗೊಂಬೆಯ ತಲೆಯ ಹಾಗಾಯಿತು. ಕನ್ಯೆ ನೋಡಲು ಹೋದ ಮನೆಯಲ್ಲಿ ಚಹಾ ಕೊಡಲು ಬಂದ ಹುಡುಗಿ ಕಿಸಕ್ಕನೆ ನಕ್ಕಳು. ಅವಳ ಹಿಂದೆ ಮನೆಯೆಲ್ಲ ನಕ್ಕಿತು. ಅಂದಿನಿಂದ ಟೋಪಿ ತಲೆಗೇರಿತು, ಕನ್ಯೆ ನೋಡುವ ಮಾತು ನಿಂತಿತು.

ಕುನಾಲನ ಮದುವೆಯಾದ ಮೇಲೆ ಶಿವರಾಜನಿಗೆ ನಿಪ್ಪಾಣಿಯಲ್ಲಿ ವಿಪರೀತ ಕೆಲಸ ಬೀಳತೊಡಗಿತು. ಬೀಜ ಅಲ್ಲೇ ಸಿಗಬೇಕು, ಪಂಪಿನ ವಾಷರ್ ಅಲ್ಲೇ ಸಿಗಬೇಕು. ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಮನೀಷಾಳ ಫೇಟಾ ಅಂಗಡಿಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯದೆ ಅವನಿಗೆ ಬಸ್ಸೇ ಸಿಗುತ್ತಿರಲಿಲ್ಲ.

"ಈ ವಾರದಾಗ ಎಷ್ಟನೇ ವಾಷರ್‌ರಿ?" ಎಂದಳು ಒಂದು ದಿನ.

"ಪಂಪು ಭಾಳ ಹಳೇದೈತ್ರಿ."

"ಪಂಪೋ, ಪಂಪಿನ ಮಾಲಕರೋ?"

ಇಬ್ಬರೂ ನಕ್ಕರು. ಆಮೇಲೆ ಅವಳು ಕೈಯಲ್ಲಿದ್ದ ಬಟ್ಟೆಯ ನೆರಿಗೆ ಹಿಡಿಯುತ್ತ, ತಲೆ ಎತ್ತದೆ, ತನ್ನ ಕತೆ ಹೇಳಿದಳು. "ನನ್ನ ಗಂಡಗ ಮಿರಜಿನ್ಯಾಗ ಇನ್ನೊಂದು ಸಂಸಾರ ಇತ್ರಿ. ನನಗ ಗೊತ್ತಾಗೂದರಾಗ ಆ ಕೂಸು ಸಾಲಿಗಿ ಹೊಂಟಿತ್ತು. ಬಿಟ್ಟು ಬಂದ್ನಿ. ಸಿಟ್ಟಿನ ಗಂಡಸರ ಇರ್ಲಿ, ಬಡವರ ಇರ್ಲಿ, ನಡೀತೈತಿ. ಮುಚ್ಚಿಡೂ ಗಂಡಸು ಮಾತ್ರ ಇನ್ನ ಬ್ಯಾಡ."

ಶಿವರಾಜನ ಕೈ ತಾನಾಗಿ ಟೋಪಿಯ ಮೇಲೆ ಹೋಯಿತು. ತೆಗೆದು ತೋರಿಸಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಆ ಹಳೆಯ ಕಿಸಕ್ ನಗು ಕಿವಿಯಲ್ಲಿ ಕೇಳಿಸಿತು. ಮೊದಲು ತಲೆ ರಿಪೇರಿ ಆಗಲಿ, ಆಮೇಲೆ ಲಗ್ನದ ಮಾತು ಎಂದು ನಿಶ್ಚಯಿಸಿಕೊಂಡ.

ಮುಂದಿನ ಸೋಮವಾರ, ಕಬ್ಬಿನ ಮೀಟಿಂಗಿಗೆ ಅಥಣಿಗೆ ಹೋಗುತ್ತೇನೆಂದು ಅವಳಿಗೆ ಹೇಳಿ ಕೊಲ್ಲಾಪುರದ ಬಸ್ಸು ಹತ್ತಿದ. ಆ ಬಸ್ಸು ನಿಪ್ಪಾಣಿ ಸ್ಟ್ಯಾಂಡಿನಲ್ಲಿ ನಿಲ್ಲುತ್ತದೆ ಎಂಬುದನ್ನು ಮಹಾಶಯ ಮರೆತಿದ್ದ. ಅಂಗಡಿ ಬಾಗಿಲಲ್ಲಿ ಫೇಟಾ ತೂಗುಹಾಕುತ್ತಿದ್ದ ಮನೀಷಾ ಕಿಟಕಿಯತ್ತ ನೋಡಿದಳು. ಇವನು ಸೀಟಿನ ಕೆಳಗೆ ಬಗ್ಗಿದ. ಫೋನು ಬಡಿದುಕೊಂಡಿತು.

"ಎಲ್ಲಿದ್ದೀರಿ?"

"ಅಥಣ್ಯಾಗ್ರಿ. ಮೀಟಿಂಗಿನ್ಯಾಗ."

"ಅಥಣಿ ಬಸ್ಸು ನಿಪ್ಪಾಣಿಗಿ ಯಾವಾಗಿಂದ ಬರಾಕತ್ತೈತಿ? ಇನ್ನ ನನ್ನ ಅಂಗಡಿಗಿ ಬರಬ್ಯಾಡ್ರಿ."

ಬಸ್ಸು ಹೊರಟಿತು. ಅವನು ಮತ್ತೆ ಮತ್ತೆ ಫೋನು ಹಚ್ಚಿದ, ಅವಳು ಎತ್ತಲಿಲ್ಲ.

ಕೊಲ್ಲಾಪುರದ ಡಾಕ್ಟರ್ ನೀಲಮ ಅಥಣಿ ಕಡೆಯವರೇ. ತಲೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿ, ಮುಚ್ಚುಮರೆಯಿಲ್ಲದೆ ಹೇಳಿದರು. "ಎರಡು ದಾರಿ ಅದಾವ್ರಿ. ಒಂದು, ಈ ಗುಚ್ಛ ಹಂಗ ಬಿಟ್ಟು, ಮುಂದ ಒಂದೊಂದ ಎಳಿ ಹಚ್ಚಿ ಮುಚ್ಚೂದು. ಒಂದ ಸಲಕ್ಕ ಮುಗೀತೈತಿ. ಆದ್ರ ಗಾಳಿ ಬಂದ್ರ, ಕೂದಲ ತೊಯ್ದ್ರ ಒಳಗಿನ ಸಾಲು ಕಾಣತೈತಿ. ಎರಡನೇದು, ಇವನ್ನ ಕಿತ್ತು, ಬಿಡಿಬಿಡಿ ಮಾಡಿ ಮತ್ತ ಹಚ್ಚೂದು. ತಲಿ ಬೋಳಿಸಬೇಕು, ಎರಡ್ಮೂರು ಸಲ ಬರಬೇಕು, ವರ್ಷ ಹಿಡೀತೈತಿ. ಅಲ್ಲೀತನಕ ಮಂದಿ ನೋಡತಾರ. ಹಿಂದ ಉಳಿದ ಕೂದಲಾನೂ ಕಡಿಮಿ, ದಟ್ಟ ತಲಿ ಬರೂದಿಲ್ಲ. ಆದ್ರ ನಿಮ್ಮ ವಯಸ್ಸಿನವರ ತಲಿ ಇರೂ ಹಂಗ ಇರತೈತಿ."

"ಮೊದಲನೇದ ಮಾಡ್ರಿ. ಯಾರಿಗೂ ಗೊತ್ತಾಗಬಾರದು."

"ಅವಸರ ಬ್ಯಾಡ. ಇವತ್ತ ಬೋಳಿಸಿ, ಬಾಜೂಕ ನಾಕು ಗುಚ್ಛ ಕಿತ್ತು, ಗಾಯ ಹೆಂಗ ಮಾಯತೈತಿ ನೋಡೂಣು. ಯಾವ ದಾರಿ ಅನ್ನೂದು ಆಮ್ಯಾಲ ಹೇಳ್ರಿ. ವಾರದ ತನಕ ಟೋಪಿ ಹಾಕಬ್ಯಾಡ್ರಿ."

ಹೀಗೆ ಹದಿನೇಳು ವರ್ಷಗಳಲ್ಲಿ ಮೊದಲ ಸಲ ಅವನ ತಲೆಗೆ ಬಿಸಿಲು ಬಿತ್ತು. ನಿಪ್ಪಾಣಿಯಲ್ಲಿ ಬಸ್ಸು ನಿಂತಾಗ ಇಳಿದು ಅವಳ ಅಂಗಡಿಗೆ ಹೋಗಲು ಧೈರ್ಯ ಸಾಲಲಿಲ್ಲ. ಅಲಖನೂರಿನಲ್ಲಿ ಇಳಿದರೆ ಎದುರಿಗೇ ಚಹಾದಂಗಡಿಯ ಬಾಳಾಸಾಬ. ಬೋಳುತಲೆ ನೋಡಿದವನೇ ಕೈಯಲ್ಲಿದ್ದ ಕಪ್ಪು ಕೆಳಗಿಟ್ಟ.

"ಅಪ್ಪಾರು ಹ್ವಾದ್ರೇನೋ ಶಿವಣ್ಣ?"

ತಂದೆ ರಾಜಾರಾಮ ಅಂದು ಬೆಳಿಗ್ಗೆ ದಿಗ್ಗೇವಾಡಿಗೆ, ಮಗಳು, ಅಂದರೆ ಕುನಾಲನ ತಾಯಿ, ಚಂದ್ರಮತಿಯ ಮನೆಗೆ ಹೊರಟಿದ್ದರು. ಬೇಗ ಪಾರಾದರೆ ಸಾಕೆಂದು ಶಿವರಾಜ ನಡೆಯುತ್ತಲೇ ಉತ್ತರಿಸಿದ. "ಹೂಂ, ಮುಂಜಾನೆನ ಹ್ವಾದ್ರು. ಅಕ್ಕನ ಮನೀಗಿ."

"ಅಕ್ಕನ ಮನ್ಯಾಗ! ಏನೂ ತ್ರಾಸ ಆಗಲಿಲ್ಲಲ್ಲೋ?"

"ಎಂಥಾ ತ್ರಾಸೋ? ಆರಾಮ ಹ್ವಾದ್ರು."

ಮನೆಗೆ ಬಂದು ಡಾಕ್ಟರು ಕೊಟ್ಟ ಗುಳಿಗೆ ನುಂಗಿ ಮಲಗಿದ. ಎಚ್ಚರವಾದದ್ದು ಹೆಂಗಸರು ಅಳುವ ಸದ್ದಿಗೆ. ಹೊರಗೆ ಬಂದರೆ ಅಂಗಳದ ತುಂಬ ಜನ. ಬಾಳಾಸಾಬ ಊರಿಗೆಲ್ಲ ಫೋನು ಹಚ್ಚಿದ್ದ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಯಾರೋ ಬುತ್ತಿ ತಂದಿದ್ದರು. ಅವರ ನಡುವೆ, ಟಿಫಿನ್ ಕ್ಯಾರಿಯರ್ ಹಿಡಿದು, ಅತ್ತು ಕಣ್ಣು ಕೆಂಪಾದ ಮನೀಷಾ ನಿಂತಿದ್ದಳು.

ಸುದ್ದಿ ನಿಪ್ಪಾಣಿ ಸ್ಟ್ಯಾಂಡಿನ ತನಕ ಮುಟ್ಟಿತ್ತು; ಬರಬೇಡ ಎಂದವಳು ತಾನೇ ಓಡಿ ಬಂದಿದ್ದಳು.

"ನನ್ನ ಸಿಟ್ಟು ಬಿಡ್ರಿ. ನಾ ಫೋನ ಎತ್ತದಿದ್ರ ಮೆಸೇಜರ ಹಾಕಬೇಕಿತ್ತಿಲ್ಲೊ, ಅಪ್ಪಾರು ಹಿಂಗಾದ್ರು ಅಂತ," ಎಂದಳು.

"ಅಪ್ಪಗೇನ ಆಗೇತಿ? ಅಕ್ಕನ ಮನ್ಯಾಗ ಉಂಡು ಮಲಗಿರಬೇಕು!"

ಅಳು ನಿಂತಿತು. ಬಾಳಾಸಾಬ ಮುಂದೆ ಬಂದ. "ಲೇ, ಹ್ವಾದ್ರು ಅಂದೆಲ್ಲಲೇ ನೀನ!"

"ದಿಗ್ಗೇವಾಡಿಗಿ ಹ್ವಾದ್ರು ಅಂದ್ನೆಲೇ!"

ಅಂಗಳದಲ್ಲಿ ನಗೆ ಎದ್ದಿತು. ಮಾನ ಉಳಿಸಿಕೊಳ್ಳಲು ಬಾಳಾಸಾಬ ಕೇಳಿದ: "ಹಂಗಾರ ತಲಿ ಯಾಕ ಬೋಳಿಸಿದಿ? ದೇವರಿಗಿ ಮುಡಿ ಕೊಟ್ಟ ಬಂದಿ ಹೌದಿಲ್ಲೊ?"

ಎಲ್ಲರೂ ಒಪ್ಪುವ ಸುಳ್ಳು ಕೈಗೆ ಬಂದು ಕೂತಿತ್ತು. ಹೂಂ ಅಂದರೆ ಸಾಕು, ಟೋಪಿಗಿಂತ ಭದ್ರ. ಶಿವರಾಜ ಬಾಯಿ ತೆರೆದ. ಮನೀಷಾ ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಿದ್ದಳು. ಈಗ ಹೂಂ ಅಂದರೆ ಇವಳು ಕ್ಯಾರಿಯರ್ ಇಟ್ಟು ಹೊರಟುಹೋಗುತ್ತಾಳೆ, ಮತ್ತೆ ಬರುವುದಿಲ್ಲ ಎಂದು ಅವನಿಗೆ ಸ್ಪಷ್ಟವಾಗಿ ತಿಳಿಯಿತು.

"ದೇವರಿಗಲ್ಲೋ. ಡಾಕ್ಟರಿಗಿ." ಬಗ್ಗಿ ತಲೆಯನ್ನು ಎಲ್ಲರಿಗೂ ತೋರಿಸಿದ. "ಸಣ್ಣವ ಇದ್ದಾಗ ಕೂದಲ ಹಚ್ಚಿಸಿಕೊಂಡಿದ್ನಿ. ಗೊಂಬಿ ತಲಿ ಆತು. ಅದನ್ನ ಮುಚ್ಚಾಕ ಟೋಪಿ ಹಾಕಿದ್ನಿ. ಇವತ್ತ ಸುಳ್ಳ ಹೇಳಿ ಕೊಲ್ಲಾಪುರಕ್ಕ ಹೋಗಿದ್ದೂ ಇದಕ್ಕ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವನ ಕೈ ಮೇಲೇಳಲಿಲ್ಲ. ನಗು ತಾನಾಗಿ ಸತ್ತಿತು.

ಮನೀಷಾ ಹತ್ತಿರ ಬಂದಳು. ಸಾಲುಸಾಲು ಚುಕ್ಕೆಗಳ ಮೇಲೆ, ಗಾಯ ತಪ್ಪಿಸಿ, ಮೆಲ್ಲಗೆ ಬೆರಳಾಡಿಸಿದಳು. ಶಿವರಾಜ ಕಣ್ಣು ಮುಚ್ಚಿದ. ಅವನ ತಲೆಯನ್ನು ಹೀಗೆ ಯಾರೂ ಮುಟ್ಟಿರಲಿಲ್ಲ.

"ಕಬ್ಬು ಹಚ್ಚಿದಂಗ ಐತಲ್ರಿ," ಎಂದಳು, ಅವನಿಗಷ್ಟೇ ಕೇಳುವಂತೆ. "ಇಷ್ಟಕ್ಕ ನನ್ನ ಅಳಸಿದ್ರಿ? ನಾ ವಿಚಾರ ಮಾಡ್ಕೋತ ಮಿರಜಿನ ತನಕ ಹೋಗಿದ್ನಿ ನೋಡ್ರಿ, ನಿಮಗೂ ಇನ್ನೊಂದು ಸಂಸಾರ ಐತೇನೋ ಅಂತ."

"ನೀವು ನಗತೀರಿ ಅಂತ ಹೆದರಿದ್ನಿ."

"ನಗತೀನಿ. ದಿನಾ ನಗತೀನಿ. ಅದಕ್ಕ ಹೆದರಬಾರದು." ಕಣ್ಣೊರೆಸಿಕೊಂಡಳು. "ಡಾಕ್ಟರು ಏನಂದ್ರು?"

ಅವನು ಎರಡೂ ದಾರಿ ಹೇಳಿದ. "ನಿಮಗ ಯಾವುದು ಚಲೋ ಅನಸತೈತಿ?"

"ತಲಿ ನಿಮ್ಮದು. ನೀವ ಹೇಳ್ರಿ."

"ಮುಚ್ಚೂದು ಸಾಕಾಗೇತಿ. ಕಿತ್ತು ಬಿಡಿ ಮಾಡಿ ಹಚ್ಚಲಿ. ವರ್ಷ ಹಿಡೀಲಿ, ಮಂದಿ ನೋಡಲಿ. ಆದ್ರ ವರ್ಷದ ತನಕ ಲಗ್ನ ತಡಿಯಾಕ ನನ್ನ ಕಡೆ ಆಗೂದಿಲ್ರಿ."

ಮನೀಷಾ ಕೆಂಪಾದಳು. ಉತ್ತರ ಕೊಡುವಷ್ಟರಲ್ಲಿ ಕುನಾಲನ ಬೈಕು ಅಂಗಳಕ್ಕೆ ನುಗ್ಗಿತು. ಹಿಂದೆ ಕೂತಿದ್ದ ರಾಜಾರಾಮ ಧೋತರ ಎತ್ತಿಕೊಂಡು ಇಳಿದರು.

"ಯಾವನಲೇ ಅವ? ಹೆಣ ಎಷ್ಟೊತ್ತಿಗಿ ತರತೀರಿ ಅಂತ ಮಗಳ ಮನೀಗಿ ಫೋನ ಹಚ್ಚಿ ನನ್ನ ಕಡೆನ ಕೇಳತಾನ!"

ಬಾಳಾಸಾಬ ಜನರ ಹಿಂದೆ ಅಡಗಿದ. ಮುದುಕರು ಮಗನ ತಲೆ ನೋಡಿದರು, ತಲೆಯ ಮೇಲಿದ್ದ ಬಳೆಗೈ ನೋಡಿದರು, ಎಲ್ಲೋ ಕಂಡಂತಿದ್ದ ಮುಖ ನೋಡಿದರು. "ನೀ ಯಾರವ್ವ?"

ಅಂಗಳವೆಲ್ಲ ಕಿವಿಯಾಯಿತು. ಮನೀಷಾ ಕೈ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಒಳಗ ಬರ್ರಿ ಮಾವಾರ," ಎಂದಳು, "ರೊಟ್ಟಿ ಆರತಾವು."