ತೊಂಬತ್ತನೆಯ ದಿನ

"ಎದ್ದೇಳಿ. ಇವತ್ತು ನೀವು ಈ ಆಫೀಸಿನವರಲ್ಲ."

ಪಂಕಜಾಳ ಬೆರಳುಗಳು ಕೀಬೋರ್ಡಿನ ಮೇಲೇ ನಿಂತವು. ದೆಹಲಿಯ ಆರ್.ಕೆ.ಪುರಂನ ಆ ಸರ್ಕಾರಿ ಕಚೇರಿಗೆ ಹಿಂದಿನ ದಿನವಷ್ಟೇ ವರ್ಗವಾಗಿ ಬಂದಿದ್ದ ಅಸಿಸ್ಟೆಂಟ್ ಚಿದಂಬರ, ಇಡೀ ಸೆಕ್ಷನ್ನಿನ ಎದುರು, ಅದೂ ಕನ್ನಡದಲ್ಲಿ ಹೇಳಿದ್ದ. ಉಳಿದವರಿಗೆ ಭಾಷೆ ತಿಳಿಯದಿದ್ದರೂ ಅವಮಾನ ಚೆನ್ನಾಗಿಯೇ ತಿಳಿಯಿತು.

"ಕೆಲಸ ಬಾಕಿಯಿದೆ ಸರ್..."

"ನಿಮ್ಮ ಎಂಬತ್ತೊಂಬತ್ತು ದಿನ ನಿನ್ನೆಗೆ ಮುಗೀತು. ಇವತ್ತು ಬ್ರೇಕ್. ಮನೆಗೆ ಹೋಗಿ."

೨೦೦೪ರ ಮಾರ್ಚ್ ಅದು. ಆ ಕಚೇರಿಯ ಗುತ್ತಿಗೆ ನೌಕರರ ಹಣೆಬರಹವೇ ಹಾಗೆ. ಎಂಬತ್ತೊಂಬತ್ತು ದಿನ ಕೆಲಸ, ತೊಂಬತ್ತನೆಯ ದಿನ ಬ್ರೇಕ್, ಮರುದಿನ ಹೊಸ ಆದೇಶ. ಸತತವಾಗಿ ದುಡಿದಿದ್ದೇವೆ ಎಂದು ಯಾರೂ ನಾಳೆ ಕಾಯಂ ಹುದ್ದೆ ಕೇಳಬಾರದಲ್ಲ!

ಆದರೆ ಹೊಸ ಆದೇಶ ಬಂದೇ ಬರುತ್ತದೆಂದು ಭರವಸೆ ಕೊಡುವವರು ಯಾರು? ಅದಕ್ಕೇ ಪಂಕಜಾ ಬ್ರೇಕಿನ ದಿನವೂ ಬಂದು, ಹಾಜರಿ ಹಾಕದೆ, ಪುಕ್ಕಟೆ ಟೈಪ್ ಮಾಡುತ್ತಿದ್ದಳು. ಕಣ್ಣೆದುರಿಗಿದ್ದರೆ ಸಾಹೇಬರು ಮರೆಯಲಾರರು ಎಂಬ ಆಸೆ. ಹೀಗೆ ಆರು ಬ್ರೇಕ್ ಕಳೆದಿದ್ದವು. ಇದು ಏಳನೆಯದು.

ಅವಳು ಚೀಲ ಹೆಗಲಿಗೇರಿಸಿದಳು. "ಪರವೂರಲ್ಲಿ ನಮ್ಮವರು ಸಿಕ್ಕರೆ ಖುಷಿಯಾಗತ್ತೆ ಅಂತಾರೆ. ನಿಮ್ಮನ್ನ ನೋಡಿದ ಮೇಲೆ ಅದೂ ಸುಳ್ಳು ಅಂತ ಗೊತ್ತಾಯ್ತು."

"ಗೊತ್ತಾಯ್ತಲ್ಲ, ಹೊರಡಿ."

ಹೊಸ ಆದೇಶ ಮೂರು ದಿನ ತಡವಾಗಿ ಬಂತು. 'ಇವನೇ ತಡೆದಿರಬೇಕು...' ಎಂದು ಅವಳ ಮನಸ್ಸು ತೀರ್ಮಾನಿಸಿತು.

ಮೊದಲೆಲ್ಲ ಬೇರೆಯವರ ಕಾಗದದ ತಪ್ಪನ್ನೂ ತಿದ್ದಿಕೊಡುತ್ತಿದ್ದವಳು, ಈಗ ಕೊಟ್ಟಷ್ಟು ಟೈಪ್ ಮಾಡಿ ಸುಮ್ಮನಾಗುತ್ತಿದ್ದಳು. ನಾಳೆ ತನ್ನದೋ ಅಲ್ಲವೋ ತಿಳಿಯದ ಕುರ್ಚಿಗೆ ಯಾಕೆ ಪ್ರಾಣ ತೇಯಬೇಕು? ಎಪ್ಪತ್ತನೆಯ ದಿನ ದಾಟುತ್ತಲೇ ಹೊಟ್ಟೆಯಲ್ಲಿ ಉರಿ. ಬಾಚಣಿಗೆ ತುಂಬ ಕೂದಲು.

"ಆ ಆಫೀಸು ನಿನ್ನ ತಿಂತಾ ಇದೆ ಕಣೆ," ಎಂದರು ತಾಯಿ ಶಾರದಮ್ಮ, ಗಂಜಿ ಬಟ್ಟಲು ಮುಂದಿಡುತ್ತ.

"ಬಿಟ್ಟರೆ ಈ ಮುನಿರ್ಕಾದ ಕೋಣೆ ಬಾಡಿಗೆ ಯಾರು ಕಟ್ತಾರಮ್ಮ?"

ಶಾರದಮ್ಮ ಗಂಜಿಗೆ ಒಂದಿಷ್ಟು ಮಜ್ಜಿಗೆ ಸುರಿದರು.

ಕಚೇರಿಯಲ್ಲಿ ಚಿದಂಬರನ ಕಣ್ಣು ದಿನವೂ ಅವಳ ಡಬ್ಬಿಯ ಮೇಲೆ. "ಊಟ ಹಾಗೇ ಇದೆಯಲ್ಲ?"

"ತಿನ್ನೋಕೂ ಆರ್ಡರ್ ಹೊರಡಿಸ್ತೀರಾ?"

ಜೂನ್ ಬಂತು. ಎಂಬತ್ತಾರನೆಯ ದಿನ. ಕೂಲರ್ ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಚಿದಂಬರನ ಮೇಜಿನ ಮೇಲೆ ತಾನು ಟೈಪ್ ಮಾಡಿದ ಹಳೆಯ ಕಾಗದಗಳು ಹರಡಿದ್ದನ್ನು ಪಂಕಜಾ ಕಂಡಳು. ಒಂದೊಂದರ ಮೇಲೂ ಕೆಂಪು ಪೆನ್ಸಿಲ್ಲಿನ ವೃತ್ತ.

'ನನ್ನ ತಪ್ಪುಗಳನ್ನ ಒಟ್ಟು ಮಾಡ್ತಿದ್ದಾನೆ...'

ಅವಳು ನೇರ ಅವನೆದುರು ನಿಂತಳು. "ಎಷ್ಟು ಸಿಕ್ತು ಸರ್? ನನ್ನ ಅನ್ನ ಕಿತ್ಕೊಳ್ಳೋಕೆ ಸಾಕಾ?"

"ಓದಿ ನೋಡಿ."

"ಓದಲ್ಲ. ನಿಮ್ಮ ಮುಖ ನೋಡಿದ್ರೇ ಹೊಟ್ಟೆ ಉರಿಯತ್ತೆ. ನಿಜವಾಗ್ಲೂ ಉರಿಯತ್ತೆ, ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ."

ಅವನು ಒಂದೊಂದೇ ಕಾಗದವನ್ನು ಅವಳತ್ತ ಸರಿಸಿದ. ಒಟ್ಟು ಆರು. ವೃತ್ತ ಯಾವ ತಪ್ಪಿನ ಸುತ್ತಲೂ ಇರಲಿಲ್ಲ. ಮೇಲಿನ ತಾರೀಖಿನ ಸುತ್ತ ಒಂದು, ಕೆಳಗೆ ಟೈಪ್ ಮಾಡಿದವಳ ಗುರುತಿಗೆ ಹಾಕಿದ್ದ ಅವಳ ಹೆಸರಿನ ಮೊದಲಕ್ಷರದ ಸುತ್ತ ಇನ್ನೊಂದು.

ಆರೂ ಅವಳ ಬ್ರೇಕಿನ ದಿನಗಳು.

"ದಾಖಲೆ ಪ್ರಕಾರ ಆವತ್ತು ನೀವು ಕೆಲಸದಲ್ಲಿಲ್ಲ. ಕಾಗದ ಮಾತ್ರ ನೀವೇ ಟೈಪ್ ಮಾಡಿದ್ದು. ಅಂದ್ರೆ ಈ ಮಾರ್ಚ್‌ವರೆಗೆ ಕೆಲಸ ಒಂದು ದಿನವೂ ನಿಂತಿಲ್ಲ. ಇದನ್ನೇ ಬರೆದು ನಿಮಗೆ ಕಾಯಂ ಹುದ್ದೆ ಕೇಳಿದ್ದೀನಿ."

ಅವಳ ಸಿಟ್ಟಿಗೆ ನಿಲ್ಲಲು ಜಾಗವೇ ಸಿಗಲಿಲ್ಲ. "ಮತ್ತೆ... ಅವತ್ತು ನನ್ನ ಓಡಿಸಿದ್ದು? ಆರ್ಡರ್ ತಡವಾಗಿದ್ದು?"

ಚಿದಂಬರ ಡ್ರಾಯರ್ ಎಳೆದ. ಅವಳ ಚೀಲದಲ್ಲಿದ್ದಂಥದೇ ಮಾತ್ರೆಗಳು ಅಲ್ಲಿಯೂ ಇದ್ದವು.

"ಸರ್ಕಾರಿ ಕೆಲಸದ ಪರೀಕ್ಷೆ ಪಾಸಾಗೋವರೆಗೆ ನಾನೂ ಆರು ವರ್ಷ ಎಂಬತ್ತೊಂಬತ್ತು ದಿನದ ನೌಕರ. ಬ್ರೇಕಿನ ದಿನ ಪುಕ್ಕಟೆ ದುಡೀತಿದ್ದೆ. ಪುಕ್ಕಟೆ ದುಡಿಯೋರು ಇರೋವರೆಗೆ ಹುದ್ದೆ ಯಾರು ಕೊಡ್ತಾರೆ? ಅವತ್ತು ನಿಮ್ಮನ್ನ ನೋಡಿ ನನ್ನ ಮೇಲೇ ಸಿಟ್ಟು ಬಂತು, ನಿಮ್ಮ ಮೇಲೆ ತೀರಿಸ್ಕೊಂಡೆ. ತಪ್ಪಾಯ್ತು. ಆರ್ಡರ್ ತಡವಾಗಿದ್ದು ಮಾತ್ರ ಸಾಹೇಬರ ಸಹಿಗೆ ಕಾದು."

"ಮೂರು ತಿಂಗಳ ಹಿಂದೆಯೇ ಹೇಳೋಕೆ ಏನಾಗಿತ್ತು?"

"ಆಸೆ ಹುಟ್ಟಿಸಿ ಆಮೇಲೆ ಆಗಲ್ಲ ಅಂದ್ರೆ... ಅದು ಇನ್ನೂ ಕೆಟ್ಟದ್ದು."

ಎಂಬತ್ತೊಂಬತ್ತನೆಯ ದಿನ ಸಂಜೆ ಚಿದಂಬರ ಕಳಿಸಿದ್ದ ಫೈಲು ವಾಪಸ್ ಬಂತು. 'ಹುದ್ದೆಯ ವಿಷಯ ಪರಿಶೀಲಿಸೋಣ. ಅಲ್ಲಿಯವರೆಗೆ, ಒಂದು ದಿನದ ಬ್ರೇಕಿನ ನಂತರ, ಎಂಬತ್ತೊಂಬತ್ತು ದಿನ.' ಸರ್ಕಾರ 'ಪರಿಶೀಲಿಸೋಣ' ಎಂದರೆ ಎಷ್ಟು ವರ್ಷವೆಂದು ಓದುಗರಿಗೆ ಬೇರೆ ಹೇಳಬೇಕಿಲ್ಲ.

ಪಂಕಜಾ ಅಳಲಿಲ್ಲ. ಇಷ್ಟು ದಿನದಲ್ಲಿ ಮೊದಲ ಬಾರಿಗೆ ತನ್ನ ಪರವಾಗಿ ಒಬ್ಬರು ಬರೆದಿದ್ದರು. ಆ ನೆನಪಿಗೇ ಎದೆ ತುಂಬಿ ಬಂತು.

ಚಿದಂಬರ ತನ್ನದೇ ಒಂದು ರಜೆ ಅರ್ಜಿ ಅವಳ ಮುಂದಿಟ್ಟ. ನಾಳೆಯ ತಾರೀಖು.

"ಕಾರಣ ಬರೆದೇ ಇಲ್ಲ ಸರ್."

"ನಿಜ ಬರೆದರೆ ಸಾಹೇಬರು ಸಹಿ ಹಾಕಲ್ಲ." ಅವನ ದನಿ ತಗ್ಗಿತು. "ನಾಳೆ ನಿಮ್ಮ ಖಾಲಿ ಕುರ್ಚಿ ನೋಡ್ಕೊಂಡು ಕೂರೋಕೆ ನನ್ನಿಂದಾಗಲ್ಲ ಪಂಕಜಾ. ಇಷ್ಟಪಡ್ತೀನಿ ನಿಮ್ಮನ್ನ. ಬೈಯೋದಿದ್ರೆ ಬೈದುಬಿಡಿ."

ಅವಳು ಅವನ ಕೆಂಪು ಪೆನ್ಸಿಲ್ ಎತ್ತಿಕೊಂಡು, ಅರ್ಜಿಯ ತಾರೀಖಿನ ಸುತ್ತ ನಿಧಾನವಾಗಿ ವೃತ್ತ ಎಳೆದಳು.

"ಬೈಯೋದು ಬೇಕಾದಷ್ಟಿದೆ. ನಾಳೆ ಮನೇಲೇ ಇರ್ತೀನಿ, ಊಟಕ್ಕೆ ಬನ್ನಿ."

"ನನಗೆ ಖಾರ ಆಗಲ್ಲ..."

"ಗೊತ್ತು. ನನಗೂ ಆಗಲ್ಲ. ಅಮ್ಮಂಗೆ ಮೊಸರನ್ನ ಮಾಡೋಕೆ ಹೇಳ್ತೀನಿ."